ಮೋತ್ಯಾನ ಮೈಯ ಉಣ್ಣೆ

ಮನೆಯ ಮಾತನ್ನು ಕಾರ್ಡಿನಲ್ಲಿ ಬರೆಯಬಾರದೆಂದು ತುಳಸಾಬಾಯಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೇ ಬರೆದಿದ್ದಳು. ಲಕೋಟೆಯಲ್ಲಿ ಹಾಕಿ ಕಳಿಸಿದರೆ ಗಂಡ ಸದಾಶಿವನೊಬ್ಬನೇ ಓದುತ್ತಾನೆ. ಓದಿ, ಮಡಿಚಿ, ಜೇಬಿನಲ್ಲಿಟ್ಟುಕೊಂಡು ಮರೆಯುತ್ತಾನೆ. ಕಾರ್ಡಾದರೆ ಇಡೀ ವಾಡೆ ಓದುತ್ತದೆ. ಅವನು ಮರೆಯುತ್ತೇನೆಂದರೂ ವಾಡೆಯವರು ಬಿಡುವುದಿಲ್ಲ. ಎರಡು ವರ್ಷದ ಸಂಸಾರದಲ್ಲಿ ಅವಳು ಗಂಡನನ್ನೂ ವಾಡೆಯನ್ನೂ ಅಷ್ಟು ಚೆನ್ನಾಗಿ ಅರಿತುಕೊಂಡಿದ್ದಳು.

ಆ ಕಾರ್ಡು ಬಬಲೇಶ್ವರದಿಂದ ಹೊರಟು, ವಿಜಾಪುರದ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿದ್ದ ಚಂದ್ರಾಬಾಯಿಯ ವಾಡೆಗೆ ಬಂದು ಮುಟ್ಟಿದ್ದು ಶನಿವಾರ ಮಧ್ಯಾಹ್ನ. ಕಚೇರಿಯ ಕಾರಕೂನನಾದ ಸದಾಶಿವ ಅಂದು ಊರಲ್ಲಿರಲಿಲ್ಲ. ದಫ್ತರ ತಪಾಸಣೆಗೆಂದು ಸಾಹೇಬರ ಬೆನ್ನು ಹತ್ತಿ ತಿಕೋಟಾಕ್ಕೆ ಹೋಗಿದ್ದ. ರವಿವಾರ ಮುಂಜಾನೆಯ ಮೊದಲ ಬಸ್ಸಿಗೆ ಮರಳಿ ಬಂದು ಅವನು ವಾಡೆಯ ಹೊಸ್ತಿಲು ದಾಟುವ ಹೊತ್ತಿಗೆ ಕಾರ್ಡನ್ನು ಮೂರು ಸಲ ಗಟ್ಟಿಯಾಗಿ ಓದಿ ಆಗಿತ್ತು. ಅದೀಗ ತುಳಸಿಕಟ್ಟೆಯ ಮೇಲೆ ಒಂದು ಕಲ್ಲಿನ ಕೆಳಗೆ ವಿಶ್ರಾಂತಿ ಪಡೆಯುತ್ತಿತ್ತು.

ವಾಡೆಯ ಒಡತಿ ಚಂದ್ರಾಬಾಯಿ ಅರವತ್ತು ದಾಟಿದ ಹೆಂಗಸು. ಬಾಡಿಗೆದಾರರೆಲ್ಲ ತನ್ನ ಹೊಟ್ಟೆಯಲ್ಲಿ ಹುಟ್ಟಿದವರೆಂದೇ ತಿಳಿದು ಅವರನ್ನು ಬೈಯುತ್ತಿದ್ದಳು.

“ಬಂದ್ಯಾ ತಮ್ಮಾ? ಚೀಲಾ ಅಲ್ಲೇ ಒಗದು ಮೊದಲ ಕಾರ್ಡ ಓದು. ನಿನ್ನ ಹೇಣತಿ ಬರದಾಳ. ಸಂಜಿ ಐದರ ಬಸ್ಸಿಗೆ ಬರ್ತಾಳಂತ,” ಎಂದಳು.

“ಎಲ್ಲಾ ನೀವ ಹೇಳಿದ್ರೆಲಾ ಕಾಕು, ನಾ ಇನ್ನೇನ ಓದ್ಲಿ?”

“ಹೇಳದ್ದು ಇನ್ನೂ ಐತಿ. ಓದು.”

ಸದಾಶಿವ ಓದಿದ. ‘ರವಿವಾರ ಸಂಜೆ ಐದರ ಬಸ್ಸಿಗೆ ಕೂಸಿನೊಂದಿಗೆ ಬರುತ್ತೇನೆ. ಮೋತ್ಯಾನನ್ನು ಕರೆದುಕೊಂಡು ಸ್ಟ್ಯಾಂಡಿಗೆ ಬರಬೇಕು. ಅವನಿಗೆ ಉಣ್ಣೆ ಹತ್ತಿವೆ ಎಂದು ಇಲ್ಲಿಯ ತನಕ ಸುದ್ದಿ ಬಂದಿದೆ. ಮೂರು ತಿಂಗಳ ಹಸುಗೂಸು ಇದೆ. ಅವನ ಮೈಮೇಲೆ ಒಂದೇ ಒಂದು ಉಣ್ಣೆ ಕಂಡರೂ ಅದೇ ಬಸ್ಸಿಗೆ ತಿರುಗಿ ಹೋಗುತ್ತೇನೆ, ದೀಪಾವಳಿಯ ತನಕ ಬರುವುದಿಲ್ಲ. ಮೋತ್ಯಾನನ್ನು ಯಾರಿಗಾದರೂ ಕೊಟ್ಟುಬಿಟ್ಟರೆ ಎಂದೂ ಬರುವುದಿಲ್ಲ. ನಿಮ್ಮ ಆರೋಗ್ಯ ಕಾಪಾಡಿಕೊಳ್ಳುವುದು.’

ಸದಾಶಿವ ಕಾರ್ಡನ್ನು ಮತ್ತೆ ಕಲ್ಲಿನ ಕೆಳಗಿಟ್ಟ. ತುಳಸಾಬಾಯಿ ಬಾಣಂತನಕ್ಕೆಂದು ತವರಿಗೆ ಹೋಗಿ ಐದು ತಿಂಗಳಾಗಿತ್ತು. ಐದು ತಿಂಗಳಿಂದ ಅವನು ಖಾನಾವಳಿಯ ನೀರು ಸಾರನ್ನೂ ಚರ್ಮದಂಥ ರೊಟ್ಟಿಯನ್ನೂ ತಿಂದು ಬದುಕಿದ್ದ. ಅದಾದರೂ ಹೋಗಲಿ. ತನ್ನ ಮಗನನ್ನು ಅವನು ಇನ್ನೂ ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ತೊಟ್ಟಿಲು ಶಾಸ್ತ್ರದ ದಿನ ಬಬಲೇಶ್ವರಕ್ಕೆ ಹೋದಾಗ ಹೆಂಗಸರ ಗುಂಪಿನ ನಡುವೆ ಕೂಸನ್ನು ಮೂರು ಮೊಳ ದೂರದಿಂದ ತೋರಿಸಿದ್ದರು. ಇವನು ಕೈ ಚಾಚಿದಾಗ ಅತ್ತೆ, “ಕೈ ತೊಳಕೊಂಡ ಬರ್ರಿ,” ಎಂದಿದ್ದಳು. ತೊಳೆದುಕೊಂಡು ಬರುವಷ್ಟರಲ್ಲಿ ಕೂಸು ಮಲಗಿಬಿಟ್ಟಿತ್ತು. ಎದ್ದೇಳುವಷ್ಟರಲ್ಲಿ ವಿಜಾಪುರದ ಬಸ್ಸು ಹೊರಟುನಿಂತಿತ್ತು. ಅಂದಿನಿಂದ ಈ ಮನುಷ್ಯ ಕಚೇರಿಯಲ್ಲಿ ಕಾಗದದ ಕಟ್ಟನ್ನು ಎತ್ತಿಕೊಂಡಾಗಲೂ ಮಗ ಇಷ್ಟೇ ಭಾರ ಇರಬಹುದೇ ಎಂದು ತೂಗಿ ನೋಡುತ್ತಿದ್ದ.

ಇನ್ನು ಮೋತ್ಯಾ. ಅದು ಬಿಳಿಯ ಮೈಯ, ಒಂದು ಕಿವಿ ಮಡಿಚಿದ ನಾಟಿ ನಾಯಿ. ತುಳಸಾಬಾಯಿ ಲಂಗ ತೊಡುತ್ತಿದ್ದ ಕಾಲದಿಂದ ಅವಳ ಬೆನ್ನಿಗಿದ್ದು, ಮದುವೆಯಾದ ಮೇಲೆ ಅವಳ ಟ್ರಂಕಿನೊಂದಿಗೆ ವಿಜಾಪುರಕ್ಕೆ ಬಂದಿತ್ತು. ಹಾಗೆ ನೋಡಿದರೆ ಆ ಮನೆಯಲ್ಲಿ ಸದಾಶಿವನಿಗಿಂತ ಅದಕ್ಕೇ ಸೇವಾಹಿರಿತನ ಹೆಚ್ಚು. ಒಡತಿ ಇಲ್ಲದ ಐದು ತಿಂಗಳು ಅದು ಟಾಂಗಾವಾಲಾ ಪೀರಸಾಬನ ಕುದುರೆಯ ಲಾಯದಲ್ಲಿ ಮಲಗುವುದನ್ನು ರೂಢಿ ಮಾಡಿಕೊಂಡಿತ್ತು. ಎರಡು ಮಳೆ ಬಿದ್ದದ್ದೇ ತಡ, ಮೈತುಂಬ ಉಣ್ಣೆ. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ರಕ್ತ ಹೀರಿ ತೊಗರಿ ಕಾಳಿನಷ್ಟು ಊದಿಕೊಂಡು ಕುಳಿತಿದ್ದವು.

“ಕಾಕು, ಒಂಬತ್ತ ತಾಸಿನ್ಯಾಗ ಇವೆಲ್ಲಾ ಹೆಂಗ ತೆಗೀಲಿ?” ಎಂದು ಸದಾಶಿವ ಅಳುದನಿಯಲ್ಲಿ ಕೇಳಿದ.

ವಾಡೆಯಲ್ಲಿ ಕೇಳಬಾರದ ಪ್ರಶ್ನೆಯೆಂದರೆ ಅದೊಂದೇ. ಕೇಳಿದ ಮರುಕ್ಷಣವೇ ಎಲ್ಲ ಬಾಗಿಲುಗಳೂ ತೆರೆದವು.

“ಚಿಮಣಿ ಎಣ್ಣಿ ತಗೋ. ಒಂದೊಂದ ಕಿತ್ತು ಎಣ್ಯಾಗ ಹಾಕ್ಕೋತ ಹೋಗು,” ಎಂದಳು ಚಂದ್ರಾಬಾಯಿ.

ಸದಾಶಿವ ಬೇವಿನ ಮರದ ಬುಡದಲ್ಲಿ ಮೋತ್ಯಾನನ್ನು ಮಲಗಿಸಿ, ತೆಂಗಿನ ಚಿಪ್ಪಿನಲ್ಲಿ ಚಿಮಣಿ ಎಣ್ಣೆ ತುಂಬಿಕೊಂಡು ಕುಳಿತ. ಒಂದು ತಾಸು ಕಿತ್ತ. ಬೆನ್ನು ಹಿಡಿದುಕೊಂಡಿತು, ಕಣ್ಣು ಮಂಜಾದವು. ಚಿಪ್ಪಿನಲ್ಲಿ ಮೂರು ಬೊಗಸೆ ಉಣ್ಣೆ ಆದಂತೆ ಅವನಿಗೆ ಅನ್ನಿಸುತ್ತಿತ್ತು, ನೋಡಿದರೆ ಮೂವತ್ತೂ ಇರಲಿಲ್ಲ. ಯಾರೋ ತನ್ನ ಮೈ ಇಷ್ಟು ಹೊತ್ತು ತಡವುತ್ತಿರುವುದು ಮೋತ್ಯಾನಿಗೆ ಬಹಳ ಹಿತವಾಯಿತು. ಅದು ಕೃತಜ್ಞತೆಯಿಂದ ಬಾಲ ಬೀಸಿತು. ಚಿಪ್ಪು ಹಾರಿ ಸದಾಶಿವನ ಮಡಿಲಲ್ಲಿ ಬೋರಲಾಯಿತು. ಎಣ್ಣೆ ಅವನ ಧೋತರಕ್ಕೆ, ಉಣ್ಣೆ ನೆಲಕ್ಕೆ. ಸಾಯದೆ ಉಳಿದವು ಮೆಲ್ಲಗೆ ನಡೆದು ಮತ್ತೆ ಮೋತ್ಯಾನ ಕಡೆಗೇ ಹೊರಟವು.

“ಇದು ಹೆಂಗಸರ ಕೆಲಸಾ ಆತ್ರಿ, ಕಾರಕೂನ ಸಾಹೇಬರ,” ಎಂದು ಪೀರಸಾಬ ಬೀಡಿ ಎಸೆದು ಎದ್ದು ಬಂದ. ಲಾಯದಿಂದಲೇ ಉಣ್ಣೆ ಹತ್ತಿದವೆಂದು ಯಾರಾದರೂ ಅಂದಾರೆಂಬ ಅಳುಕು ಅವನಿಗಿತ್ತು. “ಮೂವತ್ತ ವರ್ಷ ಆತು ಕುದರಿ ಸಾಕಾಕತ್ತಿ. ನನ್ನ ಕುದರಿ ಮ್ಯಾಲ ಒಂದ ಉಣ್ಣಿ ತೋರಸ್ರಿ, ಮೀಸಿ ಬೋಳಸ್ತೇನಿ. ತಂಬಾಕದ ನೀರ್ರಿ! ತಂಬಾಕ ಕುದಿಸಿ ನೆತ್ತಿ ಮ್ಯಾಲಿಂದ ಸುರವಿದ್ರ ಬಿಲ್‌ಕುಲ್ ಖಲ್ಲಾಸ!”

ತಂಬಾಕು ಅವನೇ ಕೊಟ್ಟ. ಕುದಿಸಿ ಆರಿಸಿದ್ದೂ ಅವನೇ. ಸುರಿಯುವುದು ಮಾತ್ರ ಸದಾಶಿವನ ಪಾಲಿಗೆ ಬಂತು. ತಲೆಯ ಮೇಲೆ ಮೊದಲ ತಂಬಿಗೆ ಬಿದ್ದ ಕೂಡಲೇ ಮೋತ್ಯಾ ಮೂಗಿನಿಂದ ಬಾಲದವರೆಗೆ ಮೈಯನ್ನೊಮ್ಮೆ ಜಾಡಿಸಿತು. ತಂಬಿಗೆಯ ಮುಕ್ಕಾಲು ನೀರು ಸದಾಶಿವನ ಬಾಯಿ, ಮೂಗು, ಕಣ್ಣುಗಳಿಗೆ ಹೋಯಿತು. ಅಡಿಕೆಯ ಹೋಳನ್ನೂ ಕಚ್ಚಿ ಗೊತ್ತಿಲ್ಲದ ಮನುಷ್ಯ. ಎರಡು ನಿಮಿಷದಲ್ಲಿ ಬೇವಿನ ಮರ ಅವನ ಸುತ್ತ ತಿರುಗತೊಡಗಿತು. ಕಟ್ಟೆ ಹಿಡಿದುಕೊಂಡು ಮುಂಜಾನೆ ತಿಕೋಟಾದಲ್ಲಿ ಕುಡಿದ ಚಹಾವನ್ನೆಲ್ಲ ಹೊರಗೆ ಹಾಕಿ, ಅಲ್ಲಿಯೇ ಅಂಗಾತ ಮಲಗಿದ. ಮೋತ್ಯಾ ಬಂದು ಅವನ ಮುಖ ನೆಕ್ಕಿತು.

“ತೋಬಾ ತೋಬಾ,” ಎಂದ ಪೀರಸಾಬ. “ಕುದರಿ ತಡೀತಾವ್ರಿ. ಕಾರಕೂನರಿಗೆ ತಡಿಯಂಗಿಲ್ಲಂತ ನನಗೇನ ಗೊತ್ತು?”

ಚಂದ್ರಾಬಾಯಿ ಮಜ್ಜಿಗೆ ಕುಡಿಸಿ ಅವನನ್ನು ಎಬ್ಬಿಸಿ ಕೂಡಿಸುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಆಗ ಎದುರಿನ ಕೋಣೆಯ ಧೂಳಪ್ಪ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಧೂಳಪ್ಪ ಮಲೇರಿಯಾ ಇಲಾಖೆಯಲ್ಲಿ ಡಿ.ಡಿ.ಟಿ. ಹೊಡೆಯುವವನು. ಮನೆಮನೆಗೂ ಪಂಪು ಹೊತ್ತುಕೊಂಡು ಹೋಗಿ, ಗೋಡೆಗೆ ಹೊಡೆದು, ಬಾಗಿಲ ಮೇಲೆ ತಾರೀಖು ಬರೆದು ಬರುವುದು ಅವನ ಕೆಲಸ. ರವಿವಾರ ಪಂಪು ಅವನ ಮಂಚದ ಕೆಳಗೇ ಇರುತ್ತಿತ್ತು. ವಾಡೆಯಲ್ಲಿ ಓದು ಬಲ್ಲ ಬೇರೆಯವರಿಲ್ಲದಾಗ ಕಾರ್ಡು ಓದಿ ಹೇಳುವವನೂ ಅವನೇ. ನಿನ್ನೆಯಿಂದ ಮೂರು ಸಲ ಓದಿದ್ದರಿಂದ ಸದಾಶಿವನ ಸಂಸಾರದ ಬಗ್ಗೆ ಅವನಿಗೆ ಸ್ವಂತದ್ದೇ ಎಂಬಷ್ಟು ಕಾಳಜಿ ಹುಟ್ಟಿತ್ತು.

“ಧೂಳಪ್ಪ, ನಿನ್ನ ಪಂಪಿನಿಂದ ನಾಯಿಗೊಂದಿಷ್ಟು ಹೊಡಿಯಪಾ,” ಎಂದು ಸದಾಶಿವ ಬೇಡಿಕೊಂಡ.

ಧೂಳಪ್ಪ ಗಂಭೀರನಾದ. “ಅದು ಆಗೂದಿಲ್ರಿ. ಸರಕಾರಿ ಪೌಡರು ಗ್ವಾಡಿಗೆ ಹೊಡಿಯಾಕ ಕೊಟ್ಟಾರ. ನಾಯಿಗೆ ಹೊಡೀರಿ ಅಂತ ನಮ್ಮ ಹುಕುಮಿನ್ಯಾಗ ಎಲ್ಲೂ ಇಲ್ಲ. ನೀವ ಕಾರಕೂನರಾಗಿ ಹಿಂಗ ಕೇಳಿದ್ರ ಹೆಂಗ?”

“ನನ್ನ ಕೂಸಿನ ಸಲವಾಗಿ ಕೇಳಾಕತ್ತೇನೋ.”

ಧೂಳಪ್ಪ ಗಲ್ಲ ತುರಿಸಿಕೊಂಡು ವಿಚಾರ ಮಾಡಿದ. “ಒಂದ ಹಾದಿ ಐತಿ. ನಿಮ್ಮ ಖೋಲಿ ಗ್ವಾಡಿಗೆ ಹೊಡಿಯೂದ ಹೆಂಗೂ ಬಾಕಿ ಐತಿ. ನಾ ಗ್ವಾಡಿಗೆ ಹೊಡೀತೇನಿ. ಗ್ವಾಡಿ ಮುಂದ ನಾಯಿ ನಿಂತಿದ್ರ ಅದು ನನ್ನ ತಪ್ಪಲ್ಲ.”

ಹೀಗೆ ಕಾನೂನು ಕಾಪಾಡಿಕೊಂಡು ಕೆಲಸ ಶುರುವಾಯಿತು. ಸದಾಶಿವ ಮೋತ್ಯಾನ ಮುಂಗಾಲು ಹಿಡಿದು ಗೋಡೆಗೆ ಆನಿಸಿ ನಿಲ್ಲಿಸಿದ. ಧೂಳಪ್ಪ ಕಣ್ಣು ಸಣ್ಣಗೆ ಮಾಡಿ ಪಂಪು ಒತ್ತಿದ. ಬುಸ್ಸೆಂದು ಶಬ್ದ ಬಂದದ್ದೇ ಹಾವೇ ಬಂತೆಂದು ತಿಳಿದ ಮೋತ್ಯಾ ಸದಾಶಿವನ ಎರಡು ಕಾಲುಗಳ ನಡುವೆ ನುಸುಳಿ ಪಾರಾಯಿತು. ಅದನ್ನು ಹಿಡಿಯಲೆಂದು ಸದಾಶಿವ ಗೋಡೆಗೆ ಬೆನ್ನು ಮಾಡಿ ತಿರುಗಿದ. ಧೂಳಪ್ಪನೋ ಕೆಲಸ ಹಿಡಿದರೆ ಮುಗಿಸಿಯೇ ಕಣ್ಣು ಬಿಡುವವನು. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ, ಕಲಿಸಿಕೊಟ್ಟ ಕ್ರಮದಲ್ಲಿಯೇ ಹೊಡೆದ. ಕೊನೆಗೆ ಸದಾಶಿವ ಕೆಮ್ಮುತ್ತ ಪಕ್ಕಕ್ಕೆ ಸರಿದಾಗ ಅವನು ಸುಣ್ಣ ಬಳಿದ ಕಂಬದಂತೆ ಬೆಳ್ಳಗಾಗಿದ್ದ. ಗೋಡೆಯ ಮೇಲೆ ಮಾತ್ರ ಅವನ ಆಕಾರದಷ್ಟು ಜಾಗ ಒಣಗಿ ಉಳಿದಿತ್ತು.

“ನಡು ಒಂದೀಟ ಬಿಟ್ಟೈತಿ, ನಡೀತೈತಿ,” ಎಂದು ಧೂಳಪ್ಪ ಬಾಗಿಲ ಮೇಲೆ ತಾರೀಖು ಬರೆದ. “ಇನ್ನ ನಿಮ್ಮ ಮನ್ಯಾಗ ಸೊಳ್ಳಿ ಬರಂಗಿಲ್ಲ ಬಿಡ್ರಿ.”

“ಉಣ್ಣಿ?”

“ಉಣ್ಣಿ ನಮ್ಮ ಇಲಾಖೆಗೆ ಬರೂದಿಲ್ಲ.”

ಸದಾಶಿವ ಎರಡು ಹಂಡೆ ನೀರು ಸುರಿದುಕೊಂಡು, ಮೈಯೆಲ್ಲ ಸಾಬೂನು ತಿಕ್ಕಿ ಸ್ನಾನ ಮಾಡಿದ. ಹೆಂಡತಿ ಬರುವ ದಿನಕ್ಕೆಂದು ಇಸ್ತ್ರಿ ಮಾಡಿಸಿ ಇಟ್ಟಿದ್ದ ಬಿಳಿ ಅಂಗಿ, ಬಿಳಿ ಧೋತರ ತೊಟ್ಟುಕೊಂಡ. ಬಾಚಿಕೊಂಡು ಹೊರಗೆ ಬಂದು ತುಳಸಿಕಟ್ಟೆಯ ಮೇಲೆ ಕುಳಿತು, ತಲೆಯ ಮೇಲೆ ಕೈ ಹೊತ್ತ. ಗಡಿಯಾರ ಮೂರು ಹೊಡೆಯಿತು. ಮೋತ್ಯಾ ಎದುರಿಗೆ ಕುಳಿತು ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುತ್ತಿತ್ತು. ಅವನಿಗೆ ನಿಜವಾಗಿ ಅಳು ಬಂತು.

ಅದನ್ನು ನೋಡಿ ಚಂದ್ರಾಬಾಯಿಯ ಕರುಳು ಚುರ್ ಎಂದಿತು. ಒಳಗೆ ಹೋಗಿ ಒಂದು ಬಟ್ಟಲು ಬೇವಿನೆಣ್ಣೆ, ಒಂದು ಡಬ್ಬಿ ಅರಿಶಿನ ತಂದಳು.

“ಏಳ ತಮ್ಮಾ. ಇದು ನನ್ನ ತವರಮನಿ ಔಷಧ. ಎಮ್ಮಿ, ಆಕಳ, ಹೋರಿ ಎಲ್ಲಕ್ಕೂ ಹಚ್ಚತಿದ್ವಿ. ಬೇವಿನ ವಾಸನಿ ಬಡದ್ರ ಸಾಕು, ಒಂದ ತಾಸಿನ್ಯಾಗ ಒಂದೂ ಉಳಿಯಂಗಿಲ್ಲ, ಬಿಟ್ಟ ಓಡ್ತಾವ.”

“ಕಾಕು, ಇದನ್ನ ಮುಂಜಾನೆ ಹೇಳಿದ್ರ ಏನಾಗ್ತಿತ್ರಿ?”

“ಉಪ್ಪಿನಕಾಯಿಗಂತ ಇಟ್ಟ ಅರಿಸಿಣಪಾ ಇದು. ನಾಯಿಗೆ ಕೊಡಾಕ ಜೀವ ಬರಲಿಲ್ಲ,” ಎಂದು ಮುದುಕಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಇಬ್ಬರೂ ಸೇರಿ ಹಚ್ಚಿದರು. ಮೋತ್ಯಾ ಮದುವಣಿಗನಂತೆ ಮಿಸುಕದೆ ನಿಂತು ಹಚ್ಚಿಸಿಕೊಂಡಿತು. ಮೂಗಿನ ತುದಿಯಿಂದ ಬಾಲದ ತುದಿಯವರೆಗೆ ಬಿಳಿಯ ಕೂದಲೊಂದು ಕಾಣಲಿಲ್ಲ. ಬಿಸಿಲಿಗೆ ಅದು ಹೊಳೆಯುತ್ತಿತ್ತು. ಸದಾಶಿವ ಅದನ್ನು ಬೇವಿನ ಮರಕ್ಕೆ ಕಟ್ಟಿ, ಇನ್ನೊಂದು ತಾಸು ಕಳೆದರೆ ಗೆದ್ದೆ ಎಂದುಕೊಂಡ.

ಆದರೆ ನಾಲ್ಕರ ಸುಮಾರಿಗೆ ಪೀರಸಾಬ ಟಾಂಗಾ ಹೂಡಿದ. ಸ್ಟೇಷನ್ನಿಗೆ ಗಾಡಿ ಬರುವ ಹೊತ್ತು, ಬಾಡಿಗೆ ಸಿಗುತ್ತದೆಂದು ಅವನ ಲೆಕ್ಕ. ದಿನಾ ಸಂಜೆ ಟಾಂಗಾದ ಹಿಂದೆ ಸ್ಟೇಷನ್ನಿಗೆ ಓಡಿಹೋಗುವುದು ಮೋತ್ಯಾನ ರೂಢಿ. ಗೆಜ್ಜೆ ಸಪ್ಪಳ ಕೇಳಿದ್ದೇ ಅದು ಎಣ್ಣೆ ಹಚ್ಚಿದ ಕೊರಳನ್ನು ಹಗ್ಗದಿಂದ ಜಾರಿಸಿಕೊಂಡು ಓಟ ಕಿತ್ತಿತು. ಸದಾಶಿವ ಧೋತರ ಎತ್ತಿ ಕಟ್ಟಿಕೊಂಡು ಬೆನ್ನು ಹತ್ತಿದ.

ಸ್ಟೇಷನ್ ರಸ್ತೆಯ ಮೊದಲ ತಿರುವಿನಲ್ಲಿ ಹೊನವಾಡದ ಮಂದಿ ಗಂಟುಮೂಟೆ ಇಟ್ಟುಕೊಂಡು ಕುಳಿತಿದ್ದರು. ಹತ್ತು ಹನ್ನೆರಡು ಜನ. ಮಲ್ಲಯ್ಯನ ಹರಕೆ ತೀರಿಸಿ ಮಧ್ಯಾಹ್ನದ ರೈಲು ಇಳಿದು ಬಂದವರು. ಅವರ ಹಿರಿಯಳು ಪರಸವ್ವನಿಗೆ ಮೂರು ದಿನದಿಂದ ಒಂದೇ ಕೊರಗು. ಮಲ್ಲಯ್ಯನಿಗೆ ಎಡೆ ಹಿಡಿದ ಮೇಲೆ ಅವನ ಬೆನ್ನಿಗಿರುವ ನಾಯಿಗೂ ಹಾಕಬೇಕು, ಅದು ಬಾಯಿ ಮುಟ್ಟಿದರೇನೇ ಹರಕೆ ಸಂದ ಹಾಗೆ ಎಂದು ಅವರ ಮನೆತನದ ನಂಬಿಕೆ. ಗುಡಿಯ ಮುಂದೆ ಆ ದಿನ ಉಂಡು ಉಂಡು ಬೇಸತ್ತ ನಾಯಿಗಳು ಇವರ ಎಡೆಯನ್ನು ಮೂಸಿಯೂ ನೋಡಿರಲಿಲ್ಲ. ಆ ಹೋಳಿಗೆಯ ಗಂಟನ್ನು ಮುದುಕಿ ಎದೆಗವಚಿಕೊಂಡೇ ವಿಜಾಪುರದವರೆಗೆ ಬಂದಿದ್ದಳು.

ರವಿವಾರವೆಂದರೆ ಮಲ್ಲಯ್ಯನ ವಾರ. ಅವನ ಪ್ರಸಾದದ ಅರಿಶಿನವಾದ ಭಂಡಾರದ ಬಣ್ಣದ ನಾಯಿಯೊಂದು ಮಂದಿಯ ನಡುವೆ ನೇರವಾಗಿ ಪರಸವ್ವನ ಹತ್ತಿರ ಓಡಿಬಂತು. ಗಂಟಿಗೆ ಮೂಗು ಹಚ್ಚಿ, ಬಟ್ಟೆ ಸರಿಸಿ, ಎರಡು ಹೋಳಿಗೆಯನ್ನು ಎತ್ತಿ ತಿಂದಿತು.

“ಏಳುಕೋಟಿ ಏಳುಕೋಟಿಗೋ!” ಎಂದು ಮುದುಕಿ ದೇವರ ಜಯಕಾರ ಒದರಿ, ನಡುರಸ್ತೆಯಲ್ಲಿ ಮೋತ್ಯಾನ ಕಾಲಿಗೆ ಬಿದ್ದಳು. “ಯಪ್ಪಾ ಮಲ್ಲಯ್ಯಾ! ಅಲ್ಲಿ ಉಣ್ಣಲಿಲ್ಲಂತ ಇಲ್ಲಿ ಬಂದು ಉಂಡೀಯಲ್ಲೋ ನನ್ನಪ್ಪಾ!”

ಉಳಿದವರೂ ಬಿದ್ದರು. ಯಾರೋ ಭಂಡಾರ ಹಾರಿಸಿದರು, ಯಾರೋ ಡೊಳ್ಳು ಬಿಚ್ಚಿದರು. ಅಂಗಡಿಗಳಿಂದ ಮಂದಿ ಇಳಿದು ಬಂದರು. ಸದಾಶಿವ ಏದುಸಿರು ಬಿಡುತ್ತ ಬಂದು ಮುಟ್ಟುವ ಹೊತ್ತಿಗೆ ಮೋತ್ಯಾನ ಕೊರಳಲ್ಲಿ ಹೂಮಾಲೆ, ಮುಂದೆ ನಾಲ್ಕು ಒಡೆದ ತೆಂಗಿನಕಾಯಿ.

“ಬಿಡ್ರಿ, ಬಿಡ್ರಿ! ಅದು ನಮ್ಮ ಮನಿ ನಾಯಿ!”

“ನಿಮ್ಮ ಮನಿಯದಾ?” ಪರಸವ್ವ ಎದ್ದು ಅವನ ಕಾಲಿಗೂ ಬಿದ್ದಳು. “ಎಂಥಾ ಪುಣ್ಯಾ ಮಾಡೀಯೋ ಯಪ್ಪಾ!”

“ಅಲ್ಲಬೇ ಯಮ್ಮಾ, ಅದಕ್ಕ ಉಣ್ಣಿ ಹತ್ತ್ಯಾವು. ಅದಕ್ಕಂತ ಅರಿಸಿಣ ಹಚ್ಚೇವಿ.”

ಜನ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. “ದೊಡ್ಡವ್ರು ತಮ್ಮ ಮನಿ ದೇವರ ಸುದ್ದಿ ಹೊರಗ ಬಿಡಂಗಿಲ್ಲ,” ಎಂದ ಒಬ್ಬ. ಎಲ್ಲರೂ ತಲೆ ಆಡಿಸಿದರು. ಸದಾಶಿವ ಮೋತ್ಯಾನ ಕೊರಳಿಗೆ ಧೋತರದ ಸೆರಗು ಹಾಕಿ ಎಳೆಯಹೋದ. ಹೊನವಾಡದ ಗಂಡಸರು ಅಡ್ಡ ನಿಂತರು.

“ಎಳಕೊಂಡ ಒಯ್ತೀರೇನ್ರಿ ದೇವರ ನಾಯೀನ? ಭಂಡಾರ ಬಿದ್ದ ಮ್ಯಾಲ ಅದರ ಕಾಲ ನೆಲಕ್ಕ ಹತ್ತಬಾರದು. ಹೆಗಲ ಮ್ಯಾಲ ಹೊತ್ಗೋರಿ.”

“ನಾನು ಬಸ್ ಸ್ಟ್ಯಾಂಡಿಗೆ ಹೋಗ್ಬೇಕ್ರಪ್ಪಾ, ಐದರ ಬಸ್ಸಿಗೆ ನನ್ನ ಮನಿಯವರು—”

“ನಾವೂ ಅಲ್ಲಿಗೇ ಹೊಂಟೇವಿ, ನಡೀರಿ!”

ವಾದ ಮಾಡಿದರೆ ಐದಾಗುತ್ತದೆ, ಹೊತ್ತುಕೊಂಡರೆ ಸ್ಟ್ಯಾಂಡು ಮುಟ್ಟುತ್ತದೆ ಎಂದು ಸದಾಶಿವ ಲೆಕ್ಕ ಹಾಕಿದ. ಕುರುಬರು ಕುರಿಮರಿಯನ್ನು ಹೊತ್ತುಕೊಳ್ಳುವಂತೆ ಅದನ್ನು ಕೊರಳ ಸುತ್ತ ಹಾಕಿಕೊಂಡು, ಮುಂಗಾಲು ಒಂದು ಕೈಯಲ್ಲಿ, ಹಿಂಗಾಲು ಒಂದು ಕೈಯಲ್ಲಿ ಹಿಡಿದ. ಮುಂದೆ ಡೊಳ್ಳು, ಹಿಂದೆ ಮಂದಿ. ನಡುವೆ ಇಸ್ತ್ರಿ ಅಂಗಿಯ ಕಾರಕೂನ.

ನೆಟ್ಟಗೆ ನಡೆದರೆ ಕಾಲು ತಾಸಿನ ದಾರಿ. ಆದರೆ ಕಿರಾಣಿ ಅಂಗಡಿಯವನು ನಿಲ್ಲಿಸಿ ಕಾಯಿ ಒಡೆದ. ಅರಿವೆ ಅಂಗಡಿಯವನು ಶಾಲು ಹೊದಿಸಿದ, ನಾಯಿಗೆ. ಚಹಾದಂಗಡಿಯವನು ಒಂದು ಬಶಿ ಹಾಲು ತಂದು ನಾಯಿಗೆ ಕುಡಿಸಿದ. ಮುಂಜಾನೆಯಿಂದ ಒಂದು ಗುಟುಕು ಮಜ್ಜಿಗೆಯ ಹೊರತು ಏನೂ ಕಾಣದ ಸದಾಶಿವ ಬಾಯಿ ಬಿಟ್ಟು ನೋಡುತ್ತಿದ್ದುದು ಯಾರ ಕಣ್ಣಿಗೂ ಬೀಳಲಿಲ್ಲ. ಅವನ ಕೊರಳು, ಬೆನ್ನು, ಕಿವಿಯ ಹಿಂದು ಚುರುಚುರು ಎನ್ನುತ್ತಿದ್ದವು. ಭಂಡಾರ ಕೊರಳೊಳಗೆ ಬಿದ್ದು ಬೆವರಿಗೆ ಕಡಿಯುತ್ತಿದೆ ಎಂದುಕೊಂಡ. ಕೆರೆದುಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ನಾಯಿಯ ಕಾಲು. ಹಲ್ಲು ಕಚ್ಚಿ ಮಗನನ್ನು ನೆನೆಯುತ್ತ ನಡೆದ.

ಸ್ಟ್ಯಾಂಡು ಮುಟ್ಟಿದಾಗ ಐದಕ್ಕೆ ಐದು ನಿಮಿಷವಿತ್ತು. ಹೊನವಾಡದವರು ಮೋತ್ಯಾನ ಬಾಲ ಮುಟ್ಟಿ ಕಣ್ಣಿಗೊತ್ತಿಕೊಂಡು ತಮ್ಮ ಬಸ್ಸಿಗೆ ಓಡಿದರು. ಪೀರಸಾಬ ಸ್ಟೇಷನ್ನಿನ ಬಾಡಿಗೆ ಬಿಟ್ಟು, ಚಂದ್ರಾಬಾಯಿಯನ್ನೂ ಧೂಳಪ್ಪನನ್ನೂ ಟಾಂಗಾದಲ್ಲಿ ಹೇರಿಕೊಂಡು ಬಂದು ನಿಂತಿದ್ದ. ತುಳಸಾಬಾಯಿಯನ್ನು ಮನೆಗೆ ಕರೆದೊಯ್ಯುವುದು ಬಾಡಿಗೆಗಿಂತ ದೊಡ್ಡ ಕೆಲಸ, ಕಾರ್ಡಿನ ಫಲಿತಾಂಶ ನೋಡುವುದು ಅದಕ್ಕಿಂತ ದೊಡ್ಡದು.

ಬಬಲೇಶ್ವರದ ಬಸ್ಸು ಧೂಳೆಬ್ಬಿಸುತ್ತ ಬಂದು ನಿಂತಿತು. ಕೂಸನ್ನು ಎದೆಗವಚಿಕೊಂಡು ಇಳಿದ ತುಳಸಾಬಾಯಿ ಕಂಡದ್ದು ತಲೆಯಿಂದ ಕಾಲಿನವರೆಗೆ ಹಳದಿಯಾದ ಗಂಡನನ್ನು ಮತ್ತು ಅವನ ಹೆಗಲ ಮೇಲೆ ಶಾಲು ಹೊದ್ದು, ಮಾಲೆ ಹಾಕಿಕೊಂಡ ನಾಯಿಯನ್ನು.

“ಇದೇನ್ರೀ ಇದು ಅವತಾರ?”

“ಆಮ್ಯಾಲ ಹೇಳ್ತೇನಿ. ಮೊದಲ ಮೋತ್ಯಾನ ಮೈ ನೋಡು,” ಎಂದ ಸದಾಶಿವ.

ಮೋತ್ಯಾ ಹೆಗಲಿನಿಂದ ಜಿಗಿದು, ಒಡತಿಯ ಸುತ್ತ ಕುಣಿದು, ಕುಂಯ್‌ಗುಟ್ಟಿತು. ತುಳಸಾಬಾಯಿ ಕೂಸನ್ನು ಚಂದ್ರಾಬಾಯಿಯ ಕೈಗೆ ಕೊಟ್ಟು ನೆಲಕ್ಕೆ ಕುಳಿತಳು. ಕಿವಿ ಮಡಿಚಿ ನೋಡಿದಳು. ಬೆರಳ ಸಂದಿ ಅಗಲಿಸಿ ನೋಡಿದಳು. ಬಾಲ ಎತ್ತಿದಳು, ಹೊಟ್ಟೆ ಸವರಿದಳು, ಕೊರಳ ಕೂದಲನ್ನು ಎದುರಾಗಿ ಸರಿಸಿದಳು. ವಾಡೆಯ ಮೂವರೂ ಕತ್ತು ಚಾಚಿ ನಿಂತರು. ಉಣ್ಣೆ ಹೋಗಲಿ, ಒಂದು ಚಿಗಟವೂ ಇರಲಿಲ್ಲ.

ಅವಳು ಮೇಲೆದ್ದು ಕೂಸನ್ನು ಮರಳಿ ತೆಗೆದುಕೊಂಡಾಗ ಕಣ್ಣು ತುಂಬಿದ್ದವು. “ನೀವು ಇಷ್ಟ ಮಾಡ್ತೀರಂತ ನಾ ತಿಳಿದಿದ್ದಿಲ್ರಿ. ಹೆದರಸಲಿಕ್ಕಂತ ಬರದಿದ್ದೆ. ಒಂದ ನಾಕ ಉಣ್ಣಿ ಇದ್ರೂ ಬರ್ತಿದ್ದೆ. ತಗೋರಿ, ನಿಮ್ಮ ಮಗನ್ನ ಎತ್ಗೋರಿ.”

ಐದು ತಿಂಗಳ ಖಾನಾವಳಿ, ಚಿಮಣಿ ಎಣ್ಣೆ, ತಂಬಾಕು, ಡಿ.ಡಿ.ಟಿ. ಎಲ್ಲವೂ ಆ ಒಂದು ಮಾತಿಗೆ ಸಾರ್ಥಕವಾದವು. ಸದಾಶಿವ ಕೈಗಳನ್ನು ಅಂಗಿಗೆ ಒರೆಸಿಕೊಂಡು ಮುಂದೆ ಚಾಚಿದ. ಕೂಸು ಅವನನ್ನು ನೋಡಿ ಬೊಚ್ಚುಬಾಯಿ ಅಗಲಿಸಿ ನಕ್ಕಿತು.

ಆಗ ಅವನ ಅಂಗಿಯ ತೋಳಿನೊಳಗಿಂದ ತೊಗರಿ ಕಾಳಿನಷ್ಟು ದಪ್ಪದ ಒಂದು ಉಣ್ಣೆ ಹೊರಗೆ ಬಂದು, ಮುಂಗೈಯ ಮೇಲೆ ಹಾದಿ ಹಿಡಿದು, ಕೂಸಿನ ದಿಕ್ಕಿಗೆ ನಡೆಯತೊಡಗಿತು.

ತುಳಸಾಬಾಯಿ ಕೂಸನ್ನು ಚಂಗನೆ ಹಿಂದಕ್ಕೆ ಎಳೆದುಕೊಂಡಳು. “ಧೂಳಪ್ಪಣ್ಣಾ, ಇವರ ಕಾಲರ ತೆಗದ ನೋಡ್ರಿ!”

ಧೂಳಪ್ಪ ಕಾಲರು ಎತ್ತಿ ನೋಡಿದ. ನೋಡಿ ಒಂದು ಹೆಜ್ಜೆ ಹಿಂದೆ ಸರಿದ. “ಸಾಲ ಹಚ್ಚಿ ಕುಂತಾವ್ರಿ ವೈನಿ. ಕಿವಿ ಹಿಂದ ನಾಕ. ಕೂದಲದಾಗ ಎಣಸಾಕ ಆಗಾಂಗಿಲ್ಲ.”

“ನೋಡು, ನನ್ನ ಔಷಧ ಸುಳ್ಳ ಆಗಲಿಲ್ಲ,” ಎಂದಳು ಚಂದ್ರಾಬಾಯಿ. ಅವಳ ದನಿಯಲ್ಲಿ ಹೆಮ್ಮೆಯೇ ಇತ್ತು. “ನಾಯಿ ಬಿಟ್ಟ ಓಡ್ತಾವಂದಿದ್ದೆ. ಓಡ್ಯಾವ.”

ಸದಾಶಿವ ಅಂಗಲಾಚಿದ. “ತುಳಸಾ, ಮೋತ್ಯಾನ ಮೈಮ್ಯಾಲ ಉಣ್ಣಿ ಇದ್ರ ಹೋಗ್ತೇನಿ ಅಂತ ಬರದಿದ್ದೀ. ಅವನ ಮೈಮ್ಯಾಲ ಇಲ್ಲಲ್ಲಾ!”

“ನಾಯಿ ಮ್ಯಾಲ ನಾಕ ಇದ್ರ ಅಂಗಳದಾಗ ಕಟ್ಟಿ ಹಾಕ್ತಿದ್ದೆ. ಗಂಡನ್ನ ಎಲ್ಲಿ ಕಟ್ಟಿ ಹಾಕ್ಲೆರಿ?” ತುಳಸಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನನಗೇನ ಸಂತೋಷ ಐತೇನು? ಹಸುಗೂಸಿಗೆ ಒಂದ ಕಡದ್ರ ಏನ ಮಾಡೂದು? ದೀಪಾವಳಿಗೆ ಬರ್ತೇನಿ. ಅಷ್ಟರೊಳಗ ಸ್ವಚ್ಛ ಆಗ್ರಿ.”

ಅವಳು ಮತ್ತೆ ಅದೇ ಬಸ್ಸು ಹತ್ತಿದಳು. ಅವಳ ಹಿಂದೆಯೇ ಮೋತ್ಯಾ ಹತ್ತಿತು. “ನಾಯಿ ಇಳಸ್ರಿ, ನಾಯಿ ಹತ್ತಸಬಾರದು,” ಎಂದು ಕೂಗುತ್ತ ಬಂದ ಕಂಡಕ್ಟರು ಅದರ ಬಣ್ಣ, ಮಾಲೆ, ಶಾಲು ನೋಡಿ ಬಾಯಿ ಮುಚ್ಚಿಕೊಂಡ. ಚಪ್ಪಲಿ ಕಳಚಿ ಕೈ ಮುಗಿದು, “ಇಲ್ಲಿ ಮುಂದ ಕುಂದರಸ್ರಿ ಯಕ್ಕಾ, ಗಾಳಿ ಬರ್ತೈತಿ,” ಎಂದು ಡ್ರೈವರನ ಪಕ್ಕದ ಸೀಟು ಒರೆಸಿ ಕೊಟ್ಟ. ಮೋತ್ಯಾ ಹತ್ತಿ ಕುಳಿತು ಕಿಟಕಿಯಿಂದ ಹೊರಗೆ ಮೋರೆ ಹಾಕಿತು.

ಬಸ್ಸಿನ ಇಂಜಿನ್ನು ಗುಡುಗಿತು. ಸದಾಶಿವನಿಗೆ ಇನ್ನು ತಡೆಯಲಾಗಲಿಲ್ಲ. ನಾಳೆಯ ಕಚೇರಿ ಹಾಳಾಗಿ ಹೋಗಲಿ ಎಂದು ಓಡಿ ಬಂದು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟ.

“ತುಳಸಾ, ನಾನೂ ಬರ್ತೇನಿ!”

“ಬ್ಯಾಡ್ರಿ, ಇಳೀರಿ!” ತುಳಸಾಬಾಯಿ ಒಳಗಿನಿಂದ ಕೂಗಿದಳು. “ನೀವು ಬಂದ್ರ ಮೋತ್ಯಾಗ ಉಣ್ಣಿ ಹತ್ತತಾವು!”

ಕಂಡಕ್ಟರು ಸದಾಶಿವನನ್ನು ಮೆಟ್ಟಿಲಿನಿಂದ ಕೆಳಗಿಳಿಸಿ ಸೀಟಿ ಊದಿದ.